ಬರಿ ತೊಟ್ಟಿಲು ತೂಗುವ ಪಟ್ಟಣ

ಈ ಕತೆ ಸುಳ್ಳು ಅನ್ನುವ ಗಂಡಸು ಯಾರಾದರೂ ಇದ್ದರೆ ಈಗಲೇ ಎದ್ದು ನಿಲ್ಲಲಿ. ಆದರೆ ಅದಕ್ಕೂ ಮುಂಚೆ ಮನೆಗೆ ಹೋಗಿ ಕೂಸಿಲ್ಲದ ಬರಿ ತೊಟ್ಟಿಲನ್ನು ಒಂದು ಸಲ ತೂಗಿ ಬರಲಿ. ಏನು, ಕೈ ಬರುವುದಿಲ್ಲವೇ? ಹಾಗಾದರೆ ಬಾಯಿ ಮುಚ್ಚಿಕೊಂಡು ಕೂತು ಕೇಳಲಿ.

ಬಹಳ ಹಿಂದೆ ಮಣಿಹೊಳೆ ಎಂಬ ರಾಜ್ಯ. ಆ ರಾಜ್ಯದ ಅಂಚಿಗೆ ಕಂಬಳಿಹಾಳು ಎಂಬ ಊರು. ಆ ಊರಿನಲ್ಲಿ ಮಾಳಿಂಗ ಎಂಬ ಹುಡುಗ. ಹುಡುಗ ಅಂದರೆ ಅಂಥಿಂಥ ಹುಡುಗನಲ್ಲ. ತಲೆಗೆ ಕೆಂಪು ರುಮಾಲು, ತೋಳು ಒನಕೆಯಂತೆ, ನಡೆದರೆ ನೆಲ ತನಗೇ ಬರೆದುಕೊಟ್ಟಿದ್ದಾರೆ ಅನ್ನುವ ಹಾಗೆ ನಡಿಗೆ. ಊರ ಗೂಳಿಯನ್ನು ಕೋಡು ಹಿಡಿದು ಕೆಡವಿದವನು. ಕೆಡವಿದ್ದು ಒಂದೇ ಸಲ, ಹೇಳಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಆ ಕಾಲದಲ್ಲಿ ರಾಜ್ಯಕ್ಕೆ ಒಂದು ಕೇಡು ತಗುಲಿತ್ತು. ಜನರ ಕಣ್ಣೆದುರೇ ಸಾಮಾನುಗಳು ಮಾಯವಾಗುತ್ತಿದ್ದವು. ಸಾಮಾನು ಮಾತ್ರವಲ್ಲ, ಅದನ್ನು ಹಿಡಿದಿದ್ದ ಮನುಷ್ಯನೂ ಮಾಯ. ಅಂಬಿಗರ ಯಮನಪ್ಪ ಒಂದು ದಿನ ಹತ್ತುವವರು ಯಾರೂ ಇಲ್ಲದೆ, ಹೊಳೆಯ ನಡುವೆ ಬರಿ ಹರಿಗೋಲನ್ನು ಗರಗರ ತಿರುಗಿಸಿ ಆಟವಾಡಿದ. ದಡದವರು ಕಣ್ಣು ಮಿಟುಕಿಸುವಷ್ಟರಲ್ಲಿ ಹರಿಗೋಲೂ ಇಲ್ಲ, ಯಮನಪ್ಪನೂ ಇಲ್ಲ. ದುಂಡವ್ವಜ್ಜಿ ಹೊಸದಾಗಿ ಕಲ್ಲು ಕುಟ್ಟಿಸಿದ ತನ್ನ ಒರಳಿನಲ್ಲಿ ಏನೂ ಹಾಕದೆ ಗುಂಡು ತಿರುಗಿಸಿ ನೋಡಿದಳು. ಅಂಗಳದಲ್ಲಿ ಒರಳು ಕೂತಿದ್ದ ಗುಂಡಿ ಮಾತ್ರ ಉಳಿಯಿತು.

ಕಡಲ ಕಡೆಯಿಂದ ಬರುವ ಉಪ್ಪಿನ ವ್ಯಾಪಾರಿಯೊಬ್ಬ ಕಟ್ಟೆಯ ಮೇಲೆ ಕೂತು ಒಂದು ಸುದ್ದಿ ಹೇಳಿದ.

"ಏಳು ಸಮುದ್ರದ ಆಚೆ ಪೊಳ್ಳದೊರೆಯ ಪಟ್ಟಣ ಅಂತ ಐತಿ. ನಮ್ಮ ಹಡಗು ಗಾಳಿಗೆ ಸಿಕ್ಕು ಆ ದಂಡಿಗೆ ಬಿತ್ತು. ಅಲ್ಲಿ ಹನಿ ನೀರಿಲ್ಲದ ಗುಡ್ಡದ ತುದಿಗೆ ಒಂದು ಹರಿಗೋಲು ತಿರುಗಾಕತ್ತಿತ್ತು. ಗೋಪುರದ ಮ್ಯಾಲೆ ಬಂಡಿ, ಬಾವಿಯೊಳಗ ಮೇನೆ, ಸಂತೆ ಬಯಲಿನಾಗ ಒರಳು. ಎಲ್ಲಾ ನಮ್ಮ ನಾಡಿನವೇ. ಎಲ್ಲಾ ಬರಿದೇ ತಿರುಗತಾವ."

ಹಿರಿಯರಿಗೆ ಆಗ ತಿಳಿಯಿತು. ಬರಿದಾಗಿ ಆಡಿಸಿದ ಸಾಮಾನಿಗೆ ಪೊಳ್ಳದೊರೆಯ ಕೈ ಎಟುಕುತ್ತದೆ. ಬರಿ ಒರಳು ತಿರುಗಿಸಬೇಡಿ, ಬರಿ ಕತ್ತರಿ ಆಡಿಸಬೇಡಿ, ಬರಿ ತೊಟ್ಟಿಲು ತೂಗಬೇಡಿ ಎಂದು ಅಜ್ಜಿಯರು ಮೊದಲಿನಿಂದ ಹೇಳುತ್ತಿದ್ದುದಕ್ಕೆ ಕಾರಣ ಸಿಕ್ಕಿತು. ಊರೆಲ್ಲ ಹೆದರಿತು. ಮಾಳಿಂಗ ನಕ್ಕ.

ಮಾಳಿಂಗನಿಗೆ ಒಬ್ಬಳೇ ಅಕ್ಕ, ಸಂಕವ್ವ. ಹೆರಿಗೆಗೆಂದು ತವರಿಗೆ ಬಂದಿದ್ದಳು. ಗಂಡು ಕೂಸು ಹುಟ್ಟಿತು, ತೊಟ್ಟಿಲಿಗೆ ಹಾಕಿದರು, ಹೆಸರಿಟ್ಟರು. ಕೂಸಿಗೆ ಜ್ವರ ಬಂತು. ತೊಟ್ಟಿಲು ಬರಿದಾಯಿತು. ಅಂದಿನಿಂದ ಸಂಕವ್ವ ಮಾತಾಡಲಿಲ್ಲ. ತೊಟ್ಟಿಲ ಮುಂದೆ ಕೂರುವಳು, ಕೈ ಹಗ್ಗದ ತನಕ ಹೋಗುವುದು, ಅವ್ವ ಓಡಿಬಂದು ಕೈ ಹಿಡಿದುಕೊಳ್ಳುವಳು.

ಒಂದು ಮಧ್ಯಾಹ್ನ ಅವ್ವ ಹೊಲದಲ್ಲಿದ್ದಳು. ಸಂಕವ್ವನ ಕೈ ಹಗ್ಗದ ತನಕ ಹೋಗಿ ಅಲ್ಲೇ ನಿಂತಿತು. ಮಾಳಿಂಗನಿಗೆ ನೋಡಲಾಗಲಿಲ್ಲ.

"ತೂಗಬೇಕು ಅನಿಸಿದ್ರ ತೂಗಕ್ಕ. ಆ ಪೊಳ್ಳದೊರೆ ಬಂದ್ರ ಬರಲಿ. ನಾ ಇಲ್ಲೇ ನಿಂತೀನಿ. ಗೂಳಿ ಕೆಡವಿದಂಗ ಕೆಡವತೀನಿ."

ಸಂಕವ್ವ ತಮ್ಮನ ಮುಖ ನೋಡಿದಳು. ತೂಗಿದಳು. ತೊಟ್ಟಿಲು ಒಂದು ಸಲ ಹೋಗಿ ಬಂತು. ಇನ್ನೊಂದು ಸಲ ಹೋಗಿ ಬಂತು. ಮೂರನೆಯ ಸಲ ಹೋದದ್ದು ಬರಲಿಲ್ಲ. ತೊಲೆಯಲ್ಲಿ ಹಗ್ಗ ಉಜ್ಜಿದ ಗುರುತು, ನೆಲದಲ್ಲಿ ಅಕ್ಕ ಕೂತಿದ್ದ ಚಾಪೆ. ಮಾಳಿಂಗ ಮುಷ್ಟಿ ಎತ್ತಿಕೊಂಡು ನಿಂತೇ ಇದ್ದ, ಹೊಡೆಯಲು ಯಾರೂ ಇರಲಿಲ್ಲ.

ಅವ್ವ ಬಂದಳು, ಕೇಳಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದಳು. ರೊಟ್ಟಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿ ಮಗನ ಕೈಗಿಟ್ಟಳು.

"ನಿಮ್ಮಕ್ಕನ್ನ ಕರಕೊಂಡು ಬಾ. ಇಲ್ಲಾಂದ್ರ ನೀನೂ ಬರಬ್ಯಾಡ."

ಏಳು ಸಮುದ್ರ ದಾಟುವುದು ಹೇಗೆ? ಮಾಳಿಂಗನಿಗೆ ಜಂಬ ಇತ್ತು ನಿಜ, ತಲೆಯೂ ಇತ್ತು. ಗೌಡರ ಬಂಡಿಯನ್ನು ಬಯಲಿಗೆ ತಂದ. ಎತ್ತು ಕಟ್ಟಲಿಲ್ಲ. ತಾನೇ ನೊಗ ಹಿಡಿದು ಬರಿ ಬಂಡಿಯನ್ನು ಗಡಗಡ ಎಳೆದುಕೊಂಡು ಸುತ್ತು ಹಾಕಿದ. "ಬಾರಲೇ ಪೊಳ್ಳದೊರೆ, ಬರಿ ಬಂಡಿ ಐತಿ, ತಗೊಂಡು ಹೋಗು!" ಎಂದು ಕೂಗಿದ. ಆದರೆ ಬುತ್ತಿಯ ಗಂಟನ್ನು ನೊಗಕ್ಕೆ ಕಟ್ಟಿ ಕಂಬಳಿ ಮುಚ್ಚಿದ್ದ. ಬಂಡಿ ಬರಿದು, ಆದರೆ ಪೂರ್ತಿ ಬರಿದಲ್ಲ. ಬಂಡಿ ನೆಲ ಬಿಟ್ಟು ಎದ್ದಿತು. ಕಾಲ ಕೆಳಗೆ ಹೊಲ ಹೋಯಿತು, ಹೊಳೆ ಹೋಯಿತು, ಸಮುದ್ರಗಳು ಹೋದವು. ದೊಪ್ಪೆಂದು ಒಂದು ಗೋಪುರದ ಮೇಲೆ ಇಳಿಯಿತು. ಬುತ್ತಿಯ ದೆಸೆಯಿಂದ ಅವನ ಕೈ ನೊಗಕ್ಕೆ ಅಂಟಲಿಲ್ಲ.

ಗಂಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕೆಳಗೆ ನೋಡಿದ. ಪಟ್ಟಣವೆಲ್ಲ ತಿರುಗುತ್ತಿತ್ತು. ನೂಲಿಲ್ಲದ ಮಗ್ಗ ಲಟಕ್ ಲಟಕ್ ಎನ್ನುತ್ತಿತ್ತು. ಕಾಳಿಲ್ಲದ ಗಾಣ ಕಿರುಗುಡುತ್ತಿತ್ತು. ಒಂದೊಂದು ಸಾಮಾನಿಗೂ ಒಬ್ಬೊಬ್ಬ ಮನುಷ್ಯ ಅಂಟಿಕೊಂಡಿದ್ದ, ಮೂಳೆ ಚಕ್ಕಳವಾಗಿದ್ದ, ಸಾಯುವಂತೆಯೂ ಇರಲಿಲ್ಲ. ಬೀದಿಯಲ್ಲಿ ಕಾವಲಿನವರು ತಿರುಗುತ್ತಿದ್ದರು. ಕಾವಲಿನವರೆಂದರೆ ಬರಿ ಬಟ್ಟೆಗಳು. ಅಂಗಿ ಇದೆ, ಒಳಗೆ ಎದೆಯಿಲ್ಲ. ರುಮಾಲು ಇದೆ, ಒಳಗೆ ತಲೆಯಿಲ್ಲ.

ಆ ಬಟ್ಟೆಗಳು ಅವನನ್ನು ಹಿಡಿದು ಅರಮನೆಗೆ ಒಯ್ದವು. ಸಿಂಹಾಸನದ ಮೇಲೆ ಒಂದು ದೊಡ್ಡ ನಿಲುವಂಗಿ, ಮೇಲೊಂದು ಕಿರೀಟ. ನಡುವೆ ಏನೂ ಇಲ್ಲ. ಅದೇ ಪೊಳ್ಳದೊರೆ.

"ಯಾರು ನೀನು?" ಎಂದಿತು ನಿಲುವಂಗಿ.

"ಕಂಬಳಿಹಾಳಿನ ಮಾಳಿಂಗ. ಗೂಳಿ ಕೆಡವಿದವನು. ಹೆಸರು ಕೇಳಿಲ್ಲೇನು?"

"ಇಲ್ಲ."

"ಹಂಗಾದ್ರ ನಿನ್ನ ರಾಜ್ಯ ಭಾಳ ಸಣ್ಣದು ಬಿಡು."

ನಿಲುವಂಗಿ ನಗಲಿಲ್ಲ. "ನಿನ್ನಂತೆ ಬಂದವರು ಬಹಳ ಮಂದಿ. ನಿನ್ನನ್ನು ಹಿಡಿದಿರುವುದು ಅವರ ಅಂಗಿಗಳೇ. ಇಲ್ಲಿಯ ಕಟ್ಟಳೆ ಕೇಳು. ಬರಿದಾದದ್ದನ್ನು ನಾನು ಬಿಡಲಾರೆ, ತುಂಬಿದ್ದನ್ನು ನಾನು ಹಿಡಿದಿಡಲಾರೆ. ನಿನ್ನ ಊರಿನ ಮೂರು ಸಾಮಾನು ಇಲ್ಲಿವೆ. ಮೂರನ್ನೂ ಅದರದರ ಕೆಲಸದಿಂದ ತುಂಬಿಸಿದರೆ ಗೆದ್ದೆ. ಒಂದು ತಪ್ಪಿದರೂ ನಿನ್ನ ಅಂಗಿ ನನ್ನ ಕಾವಲಿಗೆ."

ಬಟ್ಟೆಗಳು ಅವನನ್ನು ಮೊದಲು ಗುಡ್ಡದ ತುದಿಗೆ ಒಯ್ದವು. ಕಾದ ಬಂಡೆಯ ಮೇಲೆ ಹರಿಗೋಲು ತಿರುಗುತ್ತಿತ್ತು. ಯಮನಪ್ಪ ಗಾಳಿಗೆ ಹುಟ್ಟು ಹಾಕುತ್ತಿದ್ದ. ಮಾಳಿಂಗ ಕಲ್ಲು ತುಂಬಿದ, ಹರಿಗೋಲು ಕಲ್ಲನ್ನು ಎತ್ತಿ ಎಸೆಯಿತು. ಮಣ್ಣು ತುಂಬಿದ, ಮಣ್ಣನ್ನೂ ಉಗುಳಿತು.

"ಜನ ಬೇಕೋ ಮಾಳಿಂಗ," ಎಂದು ಯಮನಪ್ಪ ಬಿಕ್ಕಿದ. "ಆಚೆ ದಂಡಿಗೆ ಹೋಗೋ ಜನ ಬೇಕು. ಇಲ್ಲಿ ಜನ ಎಲ್ಲಿ ಅದಾರ?"

ಮಾಳಿಂಗ ತನ್ನ ರಟ್ಟೆ ಹಿಡಿದಿದ್ದ ಬಟ್ಟೆಯನ್ನು ನೋಡಿದ. ನೀಲಿ ಪಟ್ಟೆಯ ಅಂಗಿ. ನೆರೆಯೂರಿನ ಕುಸ್ತಿಯ ದೇವೇಂದ್ರಿಯದು. ಹೋದ ವರ್ಷ ಮಾಯವಾದ ಹೆಂಡತಿಯನ್ನು ಹುಡುಕಿಕೊಂಡು ಹೊರಟವನು. ಆ ಬರಿ ತೋಳನ್ನು ಹಿಡಿದು ಮೆಲ್ಲಗೆ ಹೇಳಿದ:

"ದೇವೇಂದ್ರಿ, ಸಾಕು ಬಾರಪ್ಪ. ಎಲ್ಲಾರೂ ಬರ್ರಿ. ಕುಂದರ್ರಿ. ಊರಿಗೆ ಹೋಗೂಣು."

ಬಟ್ಟೆಗಳು ನಿಂತಲ್ಲೇ ನಡುಗಿದವು. ಆಮೇಲೆ ಒಂದೊಂದಾಗಿ ಬಂದು ಹರಿಗೋಲು ಹತ್ತಿ, ಮೊಣಕಾಲು ಮಡಚಿ ಕೂತವು. ಬರಿ ಬಟ್ಟೆಗಳು. ಆದರೆ ಹರಿಗೋಲು ನರಳಿತು, ಕೆಳಗಿನ ಬಂಡೆ ಬಿರುಕು ಬಿಟ್ಟಿತು, ತಿರುಗುವುದು ನಿಂತಿತು. ಯಮನಪ್ಪನ ಕೈ ಹುಟ್ಟಿನಿಂದ ಬಿಟ್ಟುಕೊಂಡಿತು.

"ಇಷ್ಟು ಭಾರದ ಮಂದಿನ್ನ ನಾ ಯಾವತ್ತೂ ಹತ್ತಿಸಿಲ್ಲ," ಎಂದ ಯಮನಪ್ಪ.

ಅತ್ತ ಅರಮನೆಯಲ್ಲಿ ಸಿಂಹಾಸನದ ಮೇಲೆ ನಿಲುವಂಗಿಯ ಒಂದು ಹೆಗಲು ಕುಸಿಯಿತು.

ಎರಡನೆಯದು ಸಂತೆ ಬಯಲು. ಏನೂ ಮಾರದ, ಯಾರೂ ಕೊಳ್ಳದ ಸಂತೆ. ನಡುವೆ ಒರಳು, ಒರಳಿಗೆ ದುಂಡವ್ವಜ್ಜಿ. ಗುಂಡಿನೊಡನೆ ಅವಳ ಕೈ ತಿರುಗಿ ತಿರುಗಿ ಉಗುರೆಲ್ಲ ಸವೆದಿತ್ತು. ಕಲ್ಲಿಗೆ ಕಲ್ಲು ಉಜ್ಜಿ ಬೂದಿಯಂಥ ಪುಡಿ ಹಾರುತ್ತಿತ್ತು. ಆ ನಾಡಿನಲ್ಲಿ ಒಂದು ಕಾಳಿಲ್ಲ, ಒಂದು ಎಲೆಯಿಲ್ಲ. ಮಾಳಿಂಗನ ಹೊಟ್ಟೆ ಹಸಿದು ಬೆನ್ನಿಗೆ ಹತ್ತಿತ್ತು. ಗಂಟು ಬಿಚ್ಚಿದ. ಕಲ್ಲ ಪುಡಿ ಹೊಕ್ಕು ರೊಟ್ಟಿ ಆಗಲೇ ತಿನ್ನಲಾಗದಂತಾಗಿತ್ತು. ಉಳಿದದ್ದು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು. ಎಲ್ಲವನ್ನೂ ಒರಳಿಗೆ ಸುರಿದು ಅಜ್ಜಿಯ ಕೈ ಮೇಲೆ ತನ್ನ ಕೈಯಿಟ್ಟು ಅರೆದ. ಖಾರದ ವಾಸನೆ ಎದ್ದಿತು. ಸತ್ತ ಪಟ್ಟಣವೆಲ್ಲ ಒಮ್ಮೆ ಕೆಮ್ಮಿತು. ಗುಂಡು ನಿಂತಿತು. ಅಜ್ಜಿ ಬಿಟ್ಟುಕೊಂಡ ಬೆರಳನ್ನು ಖಾರಕ್ಕೆ ಅದ್ದಿ ನಾಲಗೆಗಿಟ್ಟಳು.

"ಉಪ್ಪು ಕಡಿಮಿ ಆತಲ್ಲೋ, ತಮ್ಮಾ."

"ಏಳು ಸಮುದ್ರ ದಾಟಿ ಬಂದೀನಿ ಅಜ್ಜಿ. ಅದರಾಗೂ ಉಪ್ಪು ನೋಡತೀಯಲ್ಲ?"

"ದಾಟಿದಿ. ಖರೆ. ಆದ್ರೂ ಉಪ್ಪು ಕಡಿಮಿ ಐತಿ."

ನಿಲುವಂಗಿಯ ಇನ್ನೊಂದು ಹೆಗಲೂ ಕುಸಿಯಿತು. ಅಜ್ಜಿ ಗುಂಡನ್ನು ಎತ್ತಿ ಸೊಂಟದ ಮೇಲೆ ಇಟ್ಟುಕೊಂಡಳು. ಬಿಟ್ಟು ಬಾ ಎಂದರೂ ಕೇಳಲಿಲ್ಲ. ಅತ್ತೆ ಕೊಟ್ಟ ಗುಂಡಂತೆ.

ಮೂರನೆಯದು ಅರಮನೆಯ ಒಳಗೇ ಇತ್ತು. ಕಬ್ಬಿಣದ ಸರಪಳಿಗೆ ತೊಟ್ಟಿಲು ತೂಗುಬಿದ್ದಿತ್ತು. ಸಂಕವ್ವ ತೂಗುತ್ತಿದ್ದಳು. ಅವಳ ಮುಖ ನೋಡಿ ಮಾಳಿಂಗನ ಕಾಲು ನಿಂತುಬಿಟ್ಟಿತು. ಉಳಿದವರೆಲ್ಲ ನರಳುತ್ತಿದ್ದರು. ಇವಳು ನಗುತ್ತಿದ್ದಳು.

"ಅವಳ ಕಣ್ಣಿಗೆ ತೊಟ್ಟಿಲೊಳಗೆ ಕೂಸಿದೆ," ಎಂದ ಪೊಳ್ಳದೊರೆ. ಈಗ ಅವನ ದನಿಯೂ ಜೋತುಬಿದ್ದಿತ್ತು. "ನಿನ್ನ ಊರು ಕೊಡದದ್ದನ್ನು ನಾನು ಕೊಟ್ಟಿದ್ದೇನೆ. ಈ ನಾಡಿನಲ್ಲಿ ಹುಟ್ಟೂ ಇಲ್ಲ, ಕೂಸೂ ಇಲ್ಲ. ತೊಟ್ಟಿಲು ತುಂಬಿಸುವುದು ನಿನ್ನಿಂದಾಗದು. ಆದರೂ ಅವಳು ಬಗ್ಗಿ ಬರಿ ತೊಟ್ಟಿಲು ನೋಡುವಂತೆ ಮಾಡುತ್ತೀಯಾ? ಯೋಚಿಸು. ಹಾಗೇ ಬಿಟ್ಟು ಹೋದರೆ ನಿನ್ನನ್ನು ಜೀವಂತ ಕಳಿಸುತ್ತೇನೆ."

ಮಾಳಿಂಗ ಯೋಚಿಸಿದ. ಹುಟ್ಟಿದ ಮೇಲೆ ಅಷ್ಟು ಹೊತ್ತು ಅವನು ಯೋಚಿಸಿದ್ದೇ ಇಲ್ಲ. ಅಕ್ಕನ ಬೆರಳು ನೋಡಿದ. ತೂಗುವ ಹಗ್ಗ ತಿಂದು ತಿಂದು ಎಲುಬು ಕಾಣುತ್ತಿತ್ತು. ಅವಳು ಅದನ್ನೂ ಅರಿಯದೆ ನಗುತ್ತಿದ್ದಳು.

ಆಗ ಅವನ ಕಣ್ಣು ದುಂಡವ್ವಜ್ಜಿಯ ಸೊಂಟದ ಮೇಲೆ ಬಿತ್ತು.

ಕಂಬಳಿಹಾಳಿನಲ್ಲಿ ಯಾವ ಕೂಸನ್ನೂ ನೇರ ತೊಟ್ಟಿಲಿಗೆ ಹಾಕುವುದಿಲ್ಲ. ಹೆಸರಿಡುವ ದಿನ ಒರಳುಗುಂಡಿಗೆ ಕುಲಾವಿ ಕಟ್ಟಿ, ಕಾಡಿಗೆ ಹಚ್ಚಿ, ಗುಂಡಪ್ಪ ಎಂದು ಕರೆದು ಮೊದಲು ಅದನ್ನು ಮಲಗಿಸುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಗುಂಡಪ್ಪನ ಸರದಿ ಮುಗಿದ ಮೇಲೆ ಕೂಸಿನ ಸರದಿ. ಪ್ರತಿ ತೊಟ್ಟಿಲಿನ ಮೊದಲ ಮಗ ಕಲ್ಲೇ.

"ಅಜ್ಜಿ, ಗುಂಡು ಕೊಡು."

ಅಜ್ಜಿಗೆ ಹೇಳಿಕೊಡಬೇಕಾಗಿರಲಿಲ್ಲ. ಮಾಳಿಂಗ ತನ್ನ ಕೆಂಪು ರುಮಾಲನ್ನು ಹರಿದ. ಅಜ್ಜಿ ಅದರಲ್ಲಿ ಗುಂಡನ್ನು ಸುತ್ತಿ, ಗಾಣದ ಮಸಿಯಿಂದ ಕಣ್ಣು ಬರೆದಳು. ತೊಟ್ಟಿಲ ಕೆಳಗಿಂದ ಅಜ್ಜಿ ಕೊಟ್ಟಳು, ಮೇಲಿಂದ ಮಾಳಿಂಗ ತೆಗೆದುಕೊಂಡ. ಮತ್ತೆ ಕೊಟ್ಟಳು, ಮತ್ತೆ ತೆಗೆದುಕೊಂಡ. ಕೊನೆಗೆ ಮಲಗಿಸಿದ.

ತೊಟ್ಟಿಲು ಗುರುತು ಹಿಡಿಯಿತು. ಸರಪಳಿ ಬಿಗಿಯಿತು, ಹಲಗೆ ಕಿರುಗುಟ್ಟಿತು, ತೂಗುವುದು ನಿಂತಿತು. ಸಂಕವ್ವನ ಕೈ ಬಿಟ್ಟುಕೊಂಡಿತು. ಅವಳು ಬಗ್ಗಿದಳು. ಕೆಂಪು ಬಟ್ಟೆ ಸರಿಸಿದಳು. ಕಲ್ಲು ಕಂಡಳು.

ಅವಳು ಕೂಗಿದ ಕೂಗಿಗೆ ಪೊಳ್ಳದೊರೆಯ ಕಿರೀಟ ಉರುಳಿಬಿತ್ತು. ನಿಲುವಂಗಿ ಒಣಗಲು ಹಾಕಿದ ಬಟ್ಟೆ ಕಳಚಿಬಿದ್ದಂತೆ ಮೆಟ್ಟಿಲ ಮೇಲೆ ಬಿತ್ತು. ಒಳಗೆ ಏನಿತ್ತೆಂದು ನೋಡಿದರು. ಏನೂ ಇರಲಿಲ್ಲ. ಪಟ್ಟಣದ ಮಗ್ಗ ನಿಂತಿತು, ಗಾಣ ನಿಂತಿತು, ಎಲ್ಲರ ಕೈ ಬಿಟ್ಟುಕೊಂಡವು. ನಾಡು ನಾಡಿನ ಜನ ತಮ್ಮ ತಮ್ಮ ಸಾಮಾನು ಹೊತ್ತು ತಮ್ಮ ದಿಕ್ಕು ಹಿಡಿದರು. ತೊಟ್ಟಿಲನ್ನು ಮಾತ್ರ ಅಲ್ಲೇ ಬಿಟ್ಟರು. ಗುಂಡು ತೆಗೆದರೆ ಅದು ಮತ್ತೆ ಬರಿದಾಗುತ್ತಿತ್ತು. "ಮಲಗಲಿ ಬಿಡು," ಎಂದಳು ದುಂಡವ್ವಜ್ಜಿ.

ಗುಡ್ಡದಿಂದ ಇಳಿಸಿದ ಯಮನಪ್ಪನ ಹರಿಗೋಲು ಆ ಬಟ್ಟೆಗಳನ್ನೂ ಹೊತ್ತು ಏಳು ಸಮುದ್ರ ದಾಟಿತು. ದಾರಿಯುದ್ದಕ್ಕೂ ಸಂಕವ್ವ ಅತ್ತಳು, ಮಾಳಿಂಗ ಅವಳ ಬೆನ್ನಿಗೆ ಕೈಯಿಟ್ಟು ಕೂತ. ಊರೂರಿನ ದಂಡೆಯಲ್ಲಿ ತಾಯಂದಿರು ಕಾದಿದ್ದರು. ಹೊಲಿಗೆ ನೋಡಿ, ತೇಪೆ ನೋಡಿ ತಮ್ಮ ಮಕ್ಕಳ ಅಂಗಿ ಗುರುತು ಹಿಡಿದರು. ಎದೆಗವಚಿಕೊಂಡು ಮನೆಗೆ ಒಯ್ದರು.

ಅರಸ ಮಾಳಿಂಗನಿಗೆ ಅರ್ಧ ರಾಜ್ಯ ಕೊಟ್ಟ, ಮಗಳನ್ನು ಕೊಟ್ಟ ಅನ್ನುವವರಿದ್ದಾರೆ. ಅದು ಬುರುಡೆ. ಅರಸ ಕಳಿಸಿದ್ದು ಒಂದು ಶಾಲು, ಅದನ್ನೂ ಇಲಿ ತಿಂದಿತು. ರಾಜ್ಯದಲ್ಲಿ ಮತ್ತೆ ಯಾರೂ ಮಾಯವಾಗಲಿಲ್ಲ, ಜನ ಸುಖವಾಗಿದ್ದರು. ಮಾಳಿಂಗನ ಮನೆಯಲ್ಲಿ ಮಾತ್ರ ಸದ್ದಿರಲಿಲ್ಲ. ಸಂಕವ್ವ ಅಳುವುದು ನಿಲ್ಲಿಸಿದ್ದಳು, ಬಾಯಿ ತೆರೆದಿರಲಿಲ್ಲ. ತಮ್ಮನ ಮುಖ ನೋಡುತ್ತಿರಲಿಲ್ಲ. ಮಳೆಗಾಲ ಹೋಯಿತು, ಜೋಳ ತೆನೆ ಕಟ್ಟಿತು. ತಾನು ಅವಳಿಗೆ ಒಳ್ಳೆಯದು ಮಾಡಿದೆನೋ ಕೆಟ್ಟದ್ದು ಮಾಡಿದೆನೋ ಎಂದು ಮಾಳಿಂಗನಿಗೆ ತಿಳಿಯದಾಯಿತು. ಕಟ್ಟೆಗೆ ಹೋಗುವುದನ್ನೂ ಬಿಟ್ಟ.

ಒಂದು ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಸುಮ್ಮನೆ ಕೂತಿದ್ದ. ಹಿಂದಿನಿಂದ ಸಂಕವ್ವ ಚೊಂಬು ಹಿಡಿದು ಬಂದಳು, ಎಮ್ಮೆಯ ಕಡೆ ನೋಡಿದಳು.

"ಏ ಮೂಳ! ಕರ ಹಗ್ಗ ಬಿಚ್ಚಿಕೊಂಡು ಹಾಲೆಲ್ಲಾ ಕುಡದು ಮುಗಿಸ್ತು. ಕಣ್ಣು ಬಿಟಗೊಂಡು ನೋಡಕೋಂತ ಕುಂತೀಯಲ್ಲ, ನಿಮ್ಮಪ್ಪ ಬಂದು ಕಟ್ಟತಾನೇನು?"

ಒಳಗೆ ರೊಟ್ಟಿ ತಟ್ಟುತ್ತಿದ್ದ ಅವ್ವನ ಕೈ ನಿಂತಿತು. ಮಾಳಿಂಗ ಎದ್ದು ಹೋಗಿ ಕರುವನ್ನು ಕಟ್ಟಿದ. ಎಷ್ಟೋ ಹೊತ್ತು ಅದರ ಕೊರಳು ಬಿಡದೆ ಅಲ್ಲೇ ನಿಂತ.

ಮಾಳಿಂಗನಿಗೆ ಕೊನೆಗೆ ಸಿಕ್ಕಿದ್ದು ಅಕ್ಕನ ಬಾಯಿಂದ ಒಂದು ಬೈಗುಳ.