ಹಾಳುದಿಬ್ಬದ ಗೂಟ

“ಎಲ್ಲಾದ್ರೂ ಹೋಗಿ ಸಾರ್, ಕೆರೆ ನಡುವಿನ ಆ ದಿಬ್ಬದ ಮ್ಯಾಲೆ ಮಾತ್ರ ಕಾಲಿಡ್‌ಬ್ಯಾಡಿ,” ಎಂದಳು ಈಶ್ವರಮ್ಮ. ತೆಪ್ಪದಲ್ಲಿ ಕೂತು ಬಲೆಯಿಂದ ಮೀನು ಬಿಡಿಸುತ್ತಿದ್ದವಳ ಕೈ ನಿಂತಿತ್ತು. “ಜಮೀನಿನ ಜಗಳದಾಗೆ ಯಾರೋ ಮಾಟ ಮಾಡ್ಸಿ ಗೂಟ ಹೊಡ್ಸವ್ರೆ. ಇಳಿದೋರು ವಾಪಸ್ ಬರಾಕಾಗಲ್ಲ. ಬದ್ಲಿಗೆ ಇನ್ನೊಬ್ರು ಕಾಲಿಟ್ರೇನೇ ಅದು ಬುಡೋದು.”

ಪ್ರಭುದೇವ್ ನಕ್ಕುಬಿಟ್ಟ. ಹತ್ತು ವರ್ಷ ಕಾರವಾರದ ಕಡಲಲ್ಲಿ ಹಾಯಿದೋಣಿ ನಡೆಸಿದವನು ಅವನು. ಕೊಳಾಲದ ಕಡೆಯ ಈ ಕೆರೆ ಬಹಳ ವರ್ಷಗಳ ಮೇಲೆ ಕೋಡಿ ಬಿದ್ದಿದೆಯೆಂದು ಕೇಳಿ, ಇಲ್ಲಿ ದೋಣಿವಿಹಾರ ಶುರುಮಾಡಲು ತನ್ನ ದೋಣಿಯನ್ನು ಲಾರಿಯಲ್ಲಿ ಹೇರಿಕೊಂಡು ಬಂದಿದ್ದ.

“ಸಮುದ್ರವೇ ನನ್ನನ್ನ ಇಟ್ಟುಕೊಳ್ಳಲಿಲ್ಲ. ನಿಮ್ಮ ಕೆರೆ ಇಟ್ಟುಕೊಳ್ಳುತ್ತಾ ಈಶ್ವರಮ್ಮ?”

ಅವಳು ಮತ್ತೆ ಬಲೆಗೆ ಕೈ ಹಾಕಿದಳು.

ಬೆಳಗಿನಿಂದಲೂ ಜಡಿಮಳೆ. ಚನ್ನರಾಯನದುರ್ಗದ ಬೆಟ್ಟ ಮೋಡದಲ್ಲಿ ಮುಳುಗಿತ್ತು. ಹಾಯಿ ಬಿಚ್ಚಿದ ಕೂಡಲೇ ಗಾಳಿ ತುಂಬಿ ದೋಣಿ ಜಿಗಿಯಿತು. ಮುಖಕ್ಕೆ ಹನಿ ರಾಚುತ್ತಿದ್ದರೆ ಪ್ರಭುದೇವನಿಗೆ ಕಡಲಿಗೇ ಮರಳಿದಷ್ಟು ಖುಷಿ. ಹೊತ್ತು ಹೋದದ್ದೇ ತಿಳಿಯಲಿಲ್ಲ. ಸಂಜೆ ಐದರ ಸುಮಾರಿಗೆ ಸುಳಿಗಾಳಿಯೊಂದು ಎದ್ದು ಹಾಯಿಯನ್ನು ಉದ್ದಕ್ಕೆ ಸೀಳಿತು. ದೋಣಿ ತೇಲುತ್ತ ಹೋಗಿ ದಿಬ್ಬಕ್ಕೆ ತಾಗಿತು.

ಹಾಯಿ ಹೊಲಿದುಕೊಳ್ಳಲು ಅವನು ಇಳಿದ. ಅಲ್ಲಿದ್ದದ್ದು ಒಂದೇ ಗೂಟ. ಮೈತುಂಬ ತಾಮ್ರದ ಮೊಳೆ. ಅಷ್ಟು ಮಳೆಗೂ ಕರಗದ ಕುಂಕುಮ. ಸುತ್ತ ಸುಟ್ಟ ಕೂದಲಿನ ವಾಸನೆ. ಅವನು ಅದಕ್ಕೇ ದೋಣಿಯ ಹಗ್ಗ ಬಿಗಿದ.

ಹೊಲಿಗೆ ಮುಗಿಸಿ ಹೊರಟಾಗ ಮಬ್ಬುಗತ್ತಲು. ಕೆರೆಯ ಏರಿ ಕೂಗಳತೆಯ ದೂರದಲ್ಲಿತ್ತು. ಸ್ವಲ್ಪ ಹೊತ್ತಿಗೆ ದೋಣಿ ದಡಕ್ಕೆ ತಾಗಿತು. ಹಾರಿ ಇಳಿದ. ಎದುರಿಗೆ ಗೂಟ.

ಮತ್ತೆ ಹೊರಟ. ಮತ್ತೆ ಗೂಟ.

ದೋಣಿ ಬಿಟ್ಟು ನೀರಿಗೆ ಹಾರಿ ಈಜಿದ. ಎದೆ ಬಿರಿಯುವಂತೆ ಈಜಿದ. ಕೈಗೆ ಕೆಸರು ಸಿಕ್ಕಿತು. ತಲೆ ಎತ್ತಿದ. ಸುಟ್ಟ ಕೂದಲಿನ ವಾಸನೆ.

ಎದ್ದು ನಿಂತಾಗ ನೆಲದೊಳಗೆ ಸದ್ದು ಶುರುವಾಯಿತು. ಠಕ್. ಯಾರೋ ಮೊಳೆ ಹೊಡೆಯುವ ಸದ್ದು. ಠಕ್. ಒಂದೊಂದು ಪೆಟ್ಟಿಗೂ ಅವನ ಕಾಲು ಇನ್ನಷ್ಟು ಕೆಳಗಿಳಿಯಿತು. ಕಿತ್ತರೆ ಬರಲಿಲ್ಲ. ಠಕ್. ಮೀನಖಂಡ. ಠಕ್. ಮೊಣಕಾಲು.

“ಸಾರ್! ಓ ಸಾರ್!”

ಮಳೆಯ ಪರದೆ ಸರಿಸಿಕೊಂಡು ತೆಪ್ಪ ಬಂತು. ಈಶ್ವರಮ್ಮ ಒಂದು ಮಾರು ದೂರದಲ್ಲೇ ನಿಲ್ಲಿಸಿ ಹುಟ್ಟನ್ನು ಚಾಚಿದಳು.

“ನಾನು ಇಳಿಯಾಕಿಲ್ಲ. ಇದ್ನ ಹಿಡ್ಕಳಿ, ಎಳ್ಕಂತೀನಿ. ಬುಡಬ್ಯಾಡಿ!”

ಹಿಡಿದ. ಅವಳು ಎಳೆದಳು. ಕಾಲು ಕದಲಲಿಲ್ಲ. ಠಕ್. ತೊಡೆ. ಅವಳು ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದಳು. ಠಕ್. ಸೊಂಟ. ಬೆಳಿಗ್ಗೆ ಅವಳು ಹೇಳಿದ್ದು ಅವನಿಗೆ ನೆನಪಾಯಿತು. ಬದಲಿಗೆ ಇನ್ನೊಬ್ಬರು.

ಅವನು ತನ್ನ ಕಡೆಗೆ ಎಳೆದ.

ಈಶ್ವರಮ್ಮ ಮುಗ್ಗರಿಸಿದಳು. ಅವಳ ಬರಿಗಾಲು ದಿಬ್ಬದ ಕೆಸರಿಗೆ ಇಳಿಯಿತು. ಆ ಕ್ಷಣವೇ ಅವನ ಸೊಂಟ ಸಡಿಲವಾಯಿತು. ತೆವಳಿದ. ತೆಪ್ಪಕ್ಕೆ ಬಿದ್ದ. ಹುಟ್ಟು ಅವನ ಕೈಯಲ್ಲೇ ಇತ್ತು.

“ಸಾರ್, ಹುಟ್ಟು ಕೊಡಿ. ಇಲ್ಲೇ ಇದೀನಿ ಕಣ್ ಸಾರ್.”

ಅವನು ತಿರುಗಿ ನೋಡಲಿಲ್ಲ. ಹುಟ್ಟು ಹಾಕಿದ. ಹಿಂದೆ, ಠಕ್. ಅವಳು ಕೂಗುತ್ತಲೇ ಇದ್ದಳು. ಆಮೇಲೆ ಮಳೆಯ ಸದ್ದೊಂದೇ ಉಳಿಯಿತು.

ಈ ಸಲ ದಡ ದಡವೇ ಆಗಿತ್ತು. ಏರಿಯ ಮೇಲೆ ಈಶ್ವರಮ್ಮನ ಮಗಳು ಪಟಾಲಮ್ಮ ಟಾರ್ಚ್ ಹಿಡಿದು ನಿಂತಿದ್ದಳು.

“ಬಂದ್ರಾ ಸಾರ್! ನಿಮ್ಮನ್ನ ಹುಡ್ಕಂಡು ನಮ್ಮವ್ವ ಬಂದಿತ್ತಲ್ಲ, ಸಿಕ್ಲಿಲ್ವಾ?”

“ಇಲ್ಲಮ್ಮ,” ಎಂದ ಪ್ರಭುದೇವ್. “ನಾನು ಯಾರನ್ನೂ ನೋಡಲಿಲ್ಲ.”

ಟಾರ್ಚಿನ ಬೆಳಕು ಅವನ ಮುಖದಿಂದ ಮೆಲ್ಲಗೆ ಜಾರಿ, ಅವನ ಕೈಯಲ್ಲಿದ್ದ ಹುಟ್ಟಿನ ಮೇಲೆ, ಅವನು ನಿಂತಿದ್ದ ಅವ್ವನ ತೆಪ್ಪದ ಮೇಲೆ ಬಂದು ನಿಂತಿತು.