ಮೂರು ಚೀಟಿ, ಒಂದೇ ಕೈ

2024ರ ನವೆಂಬರ್ 11, ಸೋಮವಾರ. ಬೆಳಗ್ಗೆ 10.20ಕ್ಕೆ ನ್ಯಾಲ್ಕಲ್ ಕಡೆಯ ಠಾಣೆಗೆ ಮಕ್ಕಳ ರಕ್ಷಣಾ ಘಟಕದಿಂದ ಒಂದು ಪುಟದ ದೂರು ಬಂತು. ತಾಂಡೂರಿನ ಖಾಸಗಿ ಆಸ್ಪತ್ರೆಯೊಂದರ ನರ್ಸ್ ಶಿರೀಷಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಹೇಳಿದ್ದನ್ನು ಅದರಲ್ಲಿ ಬರೆದುಕೊಂಡಿದ್ದರು. ಮಗುವಿನ ಹೆಸರು ಮೌನಿಕಾ, ವಯಸ್ಸು ಆರು. ಎಡಗೈಯ ನಾಲ್ಕು ಬೆರಳ ತುದಿ ಸುಟ್ಟಿದೆ. ತಾಯಿ ಆಕಸ್ಮಿಕ ಎನ್ನುತ್ತಾಳೆ, ನನಗೆ ನಂಬಿಕೆ ಬರುತ್ತಿಲ್ಲ.

ಎಸ್‌ಐ ಸಂಜೀವಕುಮಾರ ಓದಿ ಹಾಳೆಯನ್ನು ಒಗೆದ. ಅದು ಮೇಜಿನಿಂದ ಜಾರಿ ಹೆಡ್ ಕಾನ್‌ಸ್ಟೇಬಲ್ ಮಹಾನಂದಾಳ ಕಾಲ ಬಳಿ ಬಿತ್ತು.

"ಹುಡುಗ್ರು ಒಲಿ ಮುಂದ ಕೂತರ ಸುಡ್ತದ. ಅದಕ್ಕೂ ಪೊಲೀಸ್ರು ಓಡಬೇಕೇನು?"

ಮಹಾನಂದಾ ಬಗ್ಗಿ ಹಾಳೆ ಎತ್ತಿಕೊಂಡಳು. "ಇವರ ಊರಿಂದ ಜಹೀರಾಬಾದ್ ದವಾಖಾನಿ ಅರ್ಧ ತಾಸಿನ ಹಾದಿರಿ, ಸಾರ್. ಸುಟ್ಟ ಕೂಸಿನ ಕಟಗೊಂಡು ತಾಂಡೂರ ತನಕ ಯಾಕ ಹೋದಳು?"

ಸಂಜೀವಕುಮಾರ ಸಿಟ್ಟಿನಿಂದ ಇನ್ನೊಂದು ಫೈಲ್ ಎಳೆದುಕೊಂಡ. "ಹೋಗಿ ಬರ್ರಿ. ಸಂಜಿ ಒಳಗ ಏನೂ ಇಲ್ಲ ಅಂತ ಬರದು ಫೈಲ್ ಮುಚ್ಚಿಬಿಡ್ರಿ."

ಮಗುವಿನ ಎದುರು ಖಾಕಿ ಬೇಡವೆಂದು ಮಹಾನಂದಾ ಸೀರೆಯಲ್ಲೇ ಹೊರಟಳು. ಮಧ್ಯಾಹ್ನ 1.40ಕ್ಕೆ ತಾಂಡೂರು ಮುಟ್ಟಿದಾಗ ಡಾಕ್ಟರು ಕುರ್ಚಿಯಲ್ಲಿ ಕೂರು ಎನ್ನಲೂ ಇಲ್ಲ.

"ಆಕ್ಸಿಡೆಂಟ್ ಅಂತ ಬರ್ದೀನಿ. ನಾಳಿ ಮುಂಜಾನಿ ಡಿಸ್ಚಾರ್ಜ್ ಮಾಡ್ತೀನಿ. ಒಬ್ಬ ನರ್ಸ್ ಮಾತಿಗೆ ಆಸ್ಪತ್ರಿ ಹೆಸರು ಕೆಡಸಬ್ಯಾಡ್ರಿ."

ಆ ನರ್ಸ್ ವರಾಂಡದಲ್ಲಿ ಕಾಯುತ್ತಿದ್ದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ. ಮಹಾನಂದಾ ನೋಟ್‌ಬುಕ್ ತೆರೆದಳು.

"ಏನು ಅನುಮಾನ?"

"ಕಾದ ರೊಟ್ಟಿ ಹಂಚು ಜಾರಿ ಬಿತ್ತು ಅಂತಾರ್ರಿ. ಬಿದ್ದಿದ್ರ ಅಂಗೈ, ತೊಡಿ, ಪಾದ, ಎಲ್ಲ್ಯಾರ ಒಂದು ಕಡಿ ತಾಗಬೇಕಿತ್ತು. ಬರೇ ಬೆರಳ ತುದಿ ಒಂದೇ ಸಾಲಿಗೆ ಸುಟ್ಟಾವ. ಕೂಸು ತಾನಾಗೇ ಮುಟ್ಟಿದ್ರ ಚಟ್ಟನೆ ಕೈ ತೆಗೀತದ, ಇಷ್ಟು ಆಳ ಸುಡಲ್ಲ. ಸುಟ್ಟದ್ದು ಶುಕ್ರವಾರ, ಕರಕೊಂಡು ಬಂದದ್ದು ಶನಿವಾರ. ಎಕ್ಸ್‌ರೇದಾಗ ಮಣಿಕಟ್ಟಿನ ಹಳೇ ಮುರಿತ ಕಾಣ್ತದ. ಕೇಳಿದ್ರ ತಾಯಿ, ಎಂದೂ ಮುರಿದಿಲ್ಲ ಅಂದಳು. ಒಂದೊಂದೇ ಆಗಿದ್ರ ನಾನೂ ಸುಮ್ಮನಿರ್ತಿದ್ದೆರಿ."

"ಡಾಕ್ಟರ್ ಸಿಟ್ಟಾಗ್ಯಾರಲ್ಲ?"

"ನಾಳಿಂದ ಬರಬ್ಯಾಡ ಅಂದಾರ್ರಿ," ಎಂದು ಶಿರೀಷಾ ನಗಲು ನೋಡಿದಳು. ನಗು ಬರಲಿಲ್ಲ.

ವಾರ್ಡಿನಲ್ಲಿ ಮೌನಿಕಾ ಗೋಡೆಗೆ ಒರಗಿ ಕೂತಿದ್ದಳು. ಸುಟ್ಟ ಬೆರಳು ಒಂದಕ್ಕೊಂದು ಅಂಟಬಾರದೆಂದು ಯಾರೋ ಒಂದೊಂದಕ್ಕೂ ಬೇರೆ ಬೇರೆ ಪಟ್ಟಿ ಸುತ್ತಿದ್ದರು. ಪ್ರತಿ ಪಟ್ಟಿಯ ಮೇಲೆ ಪೆನ್ನಿನಿಂದ ಎರಡು ಕಣ್ಣು, ಒಂದು ಬಾಯಿ. ಯಾರು ಎಂದು ಮಹಾನಂದಾ ಕೇಳಬೇಕಾಗಲಿಲ್ಲ. ಶಿರೀಷಾಳ ಬೆರಳಿಗೂ ಅದೇ ಮಸಿ ಹತ್ತಿತ್ತು.

ತಾಯಿ ಲಾವಣ್ಯ ಎದ್ದು ಮಗಳಿಗೆ ಅಡ್ಡ ನಿಂತಳು.

"ಹೆಂಗ ಸುಟ್ತು?"

"ಹಂಚು ಬಿತ್ತು."

"ಆವಾಗ ನೀ ಎಲ್ಲಿದ್ದಿ?"

"ನೀರಿಗೆ ಹೋಗಿದ್ದೆ."

"ಹಂಗಾದ್ರ ಹಂಚು ಬಿದ್ದದ್ದು ಕಂಡದ್ದು ಹೆಂಗ?"

ಲಾವಣ್ಯಳ ಮುಖ ಬಿಗಿಯಿತು. "ನಿಮಗೇನು ಬೇಕಾಗ್ಯಾದ? ನನ್ನ ಕೂಸಿನ ಕಸಗೊಂಡು ಆಶ್ರಮಕ್ಕ ಹಾಕಾಕ ಬಂದೀರಿ. ನಿಮ್ಮಂಥೋರು ಒಮ್ಮಿ ಒಯ್ದರ ತಿರುಗಿ ಕೊಡ್ತೀರೇನು?"

"ತಾಂಡೂರಿಗೆ ಯಾಕ ಬಂದಿ?"

"ಕರಣಕೋಟದಾಗ ನಮ್ಮಕ್ಕ ಇದ್ದಾಳ. ಬಂದರ ತಪ್ಪೇನು?"

ಮಗುವನ್ನು ಏನು ಕೇಳಿದರೂ ತಾಯಿಯೇ ಉತ್ತರಿಸುತ್ತಿದ್ದಳು. ಮಹಾನಂದಾ ನೋಟ್‌ಬುಕ್ ಮಡಿಚಿದಳು. ಇವತ್ತು ಫೈಲ್ ಮುಚ್ಚಿದರೆ ನಾಳೆ ಈ ಕೈ ಮತ್ತೆ ಅದೇ ಒಲೆಯ ಮುಂದೆ ಹೋಗಿ ಕೂರುತ್ತದೆ. ಮುಚ್ಚದಿದ್ದರೆ ಮಗಳು ಹೋದಳೆಂದೇ ಈ ತಾಯಿ ಎದೆ ಬಡಿದುಕೊಳ್ಳುತ್ತಾಳೆ. ಅಷ್ಟರಲ್ಲಿ ಶಿರೀಷಾ ಒಳಬಂದು ಬಿಲ್ಲಿಗೆ ಸಹಿ ಬೇಕೆಂದು ಲಾವಣ್ಯಳನ್ನು ಕರೆದೊಯ್ದಳು. ಮಗು ಬಾಗಿಲು ನೋಡಿ, ಆಮೇಲೆ ಮಹಾನಂದಾಳನ್ನು ನೋಡಿತು.

"ನೀ ಪೊಲೀಸಾ?"

"ಹೌದವ್ವ."

"ಮರಿ ಸಲುವಾಗಿ ಬಂದೀಯೇನು?"

"ಯಾವ ಮರಿ?"

"ಸತ್ತಾವಲ್ಲ, ಮೂರು. ನಾನೇ ಸಾಯ್ಸೀನಿ."

"ಹೆಂಗ ಸಾಯ್ಸಿದಿ?"

"ದೀಪಾವಳಿ ಪೂಜ್ಯಾಗ ಕುರಿ ಮ್ಯಾಲ ಅರಿಷಿಣದ ಭಂಡಾರ ಹಾಕಿದೆ. ಈ ಕೈಲೆ." ಮೌನಿಕಾ ಪಟ್ಟಿ ಕಟ್ಟಿದ ಎಡಗೈ ಎತ್ತಿದಳು. ನಾಲ್ಕು ಪುಟ್ಟ ಮುಖಗಳು ಮಹಾನಂದಾಳನ್ನು ನೋಡಿದವು. "ನಾ ಎಡಚಿ. ಇದು ಕೆಟ್ಟ ಕೈ. ಬುದ್ಧಿ ಬರಲಿ ಅಂತ ಅಪ್ಪ ಹಂಚಿಗೆ ಹಿಡಿದ. ಈಗ ಜೇಲಿಗೆ ಹಾಕ್ತೀಯೇನು?"

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಇಷ್ಟು ಬೇಗ ತಪ್ಪೊಪ್ಪಿಕೊಂಡವರನ್ನು ಮಹಾನಂದಾ ಕಂಡಿರಲಿಲ್ಲ. "ಇಲ್ಲವ್ವ," ಎಂದಳು.

ಸಂಜೆ ಠಾಣೆಯಲ್ಲಿ ಸಂಜೀವಕುಮಾರ ಮಗುವಿನ ಹೇಳಿಕೆಯನ್ನು ಎರಡು ಸಲ ಓದಿದ. ಮುಂಜಾನೆಯ ಮಾತನ್ನು ಅವನೂ ಎತ್ತಲಿಲ್ಲ, ಮಹಾನಂದಾಳೂ ನೆನಪಿಸಲಿಲ್ಲ. 6.10ಕ್ಕೆ ತಂದೆ ಬಾಲರಾಜನ ಮೇಲೆ ಎಫ್‌ಐಆರ್ ದಾಖಲಾಯಿತು: ಭಾರತೀಯ ನ್ಯಾಯ ಸಂಹಿತೆ 118(1), ಬಾಲನ್ಯಾಯ ಕಾಯ್ದೆ 75. ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಹೋಯಿತು. ಸಮಿತಿ ಹೇಳುವವರೆಗೆ ಮಗುವನ್ನು ಮನೆಗೆ ಕಳಿಸಬಾರದೆಂದು ಆಸ್ಪತ್ರೆಗೂ ಪತ್ರ ಹೋಯಿತು.

12ರ ಬೆಳಗ್ಗೆ 8.30ಕ್ಕೆ ಸಂಜೀವಕುಮಾರ, ಮಹಾನಂದಾ ಇದ್ದ ಜೀಪು ಬಾಲರಾಜನ ಊರೊಳಗೆ ಬಂದಾಗ ಕಟ್ಟೆಯ ಮೇಲಿದ್ದ ಗಂಡಸರು ಎದ್ದು ದಾರಿ ಕಟ್ಟಿದರು.

"ತಂದಿ ಮಗಳಿಗೆ ಬುದ್ಧಿ ಹೇಳಿದ್ರ ಜೀಪ್ ಬರ್ತದೇನ್ರಿ? ಹಂಗಾದ್ರ ಊರಾಗಿನ ಗಂಡಸರೆಲ್ಲ ಹತ್ತಬೇಕು. ಒಂದು ಲಾರಿ ತರ್ರಿ, ಜೀಪ್ ಸಾಲಲ್ಲ!"

ಎಲ್ಲರೂ ನಕ್ಕರು. ಪಂಚನಾಮೆಗೆ ಇಬ್ಬರು ಸಾಕ್ಷಿ ಬೇಕೆಂದ ಕೂಡಲೇ ನಗು ನಿಂತು ಕಟ್ಟೆಯೂ ಖಾಲಿಯಾಯಿತು. ಕೊನೆಗೆ ಬಂದವಳು ಅಂಗನವಾಡಿ ಟೀಚರ್ ಉಮಾಬಾಯಿ. ಕೈಯಲ್ಲಿ ನೀರಿನ ತಂಬಿಗೆ ಹಿಡಿದಿದ್ದಳು. ಅವಳ ಹಿಂದೆ ಕಿರಾಣಿ ಅಂಗಡಿಯ ರೇವಪ್ಪ.

"ನಾಳಿಂದ ನನ್ನ ಅಂಗಡಿಗೆ ಗಿರಾಕಿ ಬರಂಗಿಲ್ರಿ," ಎಂದು ಗೊಣಗುತ್ತಲೇ ರೇವಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ.

ಬಾಲರಾಜ ಅಂಗಳದಲ್ಲಿ ಕೂತಿದ್ದ. ಮೂವತ್ತೆರಡರ ಗಟ್ಟಿ ಆಳು, ಎಡಗೈಗೆ ಟವೆಲ್ ಸುತ್ತಿಕೊಂಡಿದ್ದ. ಅವನ ತಂದೆ ಯಂಕಪ್ಪ ಕಂಬಳಿ ಹೊದ್ದು ಕುರಿದೊಡ್ಡಿಯ ಬಾಗಿಲಲ್ಲಿ ನಿಂತು ಇತ್ತ ನೋಡದೆ ಕುರಿ ಎಣಿಸುತ್ತಿದ್ದ.

ರೊಟ್ಟಿ ಹಂಚನ್ನು ವಶಕ್ಕೆ ತೆಗೆದುಕೊಂಡರು. ಮಹಾನಂದಾ ಒಲೆಯಿಂದ ಡಬ್ಬಿ ಇಡುವ ಗೋಡೆ ಹಲಗೆಯ ತನಕ ಟೇಪು ಹಿಡಿದು ಅಳತೆ ಬರೆಸಿದಳು. ಆಮೇಲೆ ಹಲಗೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ತೆಗೆದಳು. ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ, ಗಂಟು ಹಾಕಿದ ಪ್ಲಾಸ್ಟಿಕ್ ಕವರಿನಲ್ಲಿ, ಎರಡು ಆಸ್ಪತ್ರೆ ಚೀಟಿಗಳಿದ್ದವು.

ಮೇ 6, ಜಹೀರಾಬಾದ್: ಎಡಗೈ ಬೆರಳು ಜಜ್ಜಿದೆ, ಬಾಗಿಲಿಗೆ ಸಿಕ್ಕಿದ್ದು.

ಆಗಸ್ಟ್ 19, ನಾರಾಯಣಖೇಡ: ಎಡ ಮಣಿಕಟ್ಟಿನ ಮುರಿತ, ಮಂಚದಿಂದ ಬಿದ್ದದ್ದು.

ಮೂರನೆಯದು, ತಾಂಡೂರಿನದು, ಮಹಾನಂದಾಳ ಫೈಲಿನಲ್ಲೇ ಇತ್ತು. ಮೂರು ಊರು, ಮೂರು ಕಾರಣ. ಪೆಟ್ಟು ಬಿದ್ದದ್ದು ಮಾತ್ರ ಒಂದೇ ಕೈಗೆ. ಬಾಗಿಲು, ಮಂಚ, ಹಂಚು ಮೂರೂ ಮಾತಾಡಿಕೊಂಡು ಒಂದೇ ಕೈ ಹುಡುಕಿಕೊಂಡು ಬರಲಾರವು.

ಅಂಗಳಕ್ಕೆ ಬಂದು ಸಾಕ್ಷಿಗಳ ಎದುರೇ ಅವಳು ಲಾವಣ್ಯಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಹಿಟ್ಟಿನ ಡಬ್ಬ್ಯಾಗಿನ ಚೀಟಿ ಸಿಕ್ಕಾವ. ಒಂದು ಕಡಿ ಗುರ್ತು ಹಿಡೀತಾರ ಅಂತ ಬ್ಯಾರೆ ಬ್ಯಾರೆ ಊರಿಗೆ ಒಯ್ದಿ. ಹಂಗಾದ್ರ ಚೀಟಿ ಯಾಕ ಸುಡಲಿಲ್ಲ?"

ಬಾಲರಾಜ ಚಂಗನೆ ಎದ್ದ. "ಏ ಲಾವಣ್ಯಾ! ಬಾಯಿ ಬಿಟ್ಟಿ ಅಂದ್ರ ನಾಲಗಿ ಕೀಳ್ತೀನಿ!"

ಸಂಜೀವಕುಮಾರ ಅವನ ಹೆಗಲ ಮೇಲೆ ಕೈಯಿಟ್ಟ. ಫೋನಿನಲ್ಲಿ ಲಾವಣ್ಯಳ ದನಿಗೆ ನಿನ್ನೆಯ ಬಿಗಿ ಇರಲಿಲ್ಲ.

"ಯಾರರೆ ಒಬ್ರು ಕೇಳ್ತಾರ ಅಂತ ಇಟ್ಟಿದ್ದೆರಿ. ಮೂರೂ ಕಡಿ ಸುಳ್ಳು ಹೇಳಿದೆ. ಆ ನರ್ಸ್ ಹುಡುಗಿ ಬಿಟ್ರ ಯಾರೂ ತಿರುಗಿ ಕೇಳಲಿಲ್ಲ."

"ಈಗ ನಾ ಕೇಳ್ತೀನಿ. ಹಂಚಿಗೆ ಯಾರು ಹಿಡಿದ್ರು?"

"ಅವರೇರಿ. ನಾ ಬಿಡಸಾಕ ಹೋದೆ, ಆಗಲಿಲ್ಲ."

ಬಾಲರಾಜ ಸುತ್ತ ನೋಡಿದ. ಬೇಲಿಯಾಚೆ ಊರಿನವರು ಮತ್ತೆ ಸೇರಿದ್ದರು. "ಎಡಗೈಲೆ ಉಣ್ಣೋದು, ಎಡಗೈಲೆ ಕೊಡೋದು! ನಾಳಿ ಲಗ್ನ ಮಾಡಿಕೊಟ್ಟ ಮನ್ಯಾಗ ಇಕಿ ಕೈಲೆ ನೀರು ಯಾರು ಕುಡೀತಾರ? ಮರಿ ಸತ್ತದ್ದು ಸುಳ್ಳೇನು?"

"ಹಬ್ಬ ಆದ ಮ್ಯಾಲ ಓಣ್ಯಾಗ ಎಲ್ಲರ ಮರಿನೂ ಸತ್ತಾವಪ್ಪ," ಎಂದಳು ಉಮಾಬಾಯಿ. "ಅವೆಲ್ಲ ಯಾರ ಕೈಯಿಂದ ಸತ್ತವು? ನಿನ್ನ ಮಗಳು ನನ್ನ ಅಂಗನವಾಡ್ಯಾಗ ಎಡಗೈಲೆ ಅಕ್ಷರ ತಿದ್ದ್ಯಾಳ. ಮುತ್ತಿನಂಗ ಇರ್ತಿದ್ದವು."

ಬೇಲಿಯಾಚೆ ಈ ಸಲ ಯಾರೂ ನಗಲಿಲ್ಲ. ಸಾಕ್ಷಿಗಳನ್ನು ಹೆದರಿಸುತ್ತಾನೆಂದು ಕಾರಣ ಬರೆದು 11.05ಕ್ಕೆ ಬಾಲರಾಜನನ್ನು ದಸ್ತಗಿರಿ ಮಾಡಿದರು. ಪಂಚನಾಮೆಗೆ ಉಮಾಬಾಯಿ ಮೊದಲು ಸಹಿ ಹಾಕಿದಳು, ರೇವಪ್ಪ ಆಮೇಲೆ.

ಮಧ್ಯಾಹ್ನದ ಹೊತ್ತಿಗೆ ಠಾಣೆಯ ಮೆಟ್ಟಿಲ ಮೇಲೆ ಯಂಕಪ್ಪ ಬಂದು ಕೂತಿದ್ದ. ಮಡಿಲಲ್ಲಿ ಮಗನಿಗೆಂದು ತಂದ ರೊಟ್ಟಿಯ ಗಂಟು. ತಾಂಡೂರಿನಿಂದ ಸುದ್ದಿ ಬಂತು: ಮಗು ತಾಯಿಯ ಜತೆಗೇ ಇರಲಿ, ಇಬ್ಬರೂ ಕರಣಕೋಟದ ದೊಡ್ಡಮ್ಮನ ಮನೆಯಲ್ಲಿರಲಿ, ತಿಂಗಳಿಗೊಮ್ಮೆ ಬಂದು ನೋಡುತ್ತೇವೆ ಎಂದು ಸಮಿತಿ ಹೇಳಿತ್ತು. ಶಿರೀಷಾ ತಾನೇ ಅವರನ್ನು ಆಟೋ ಹತ್ತಿಸಿದಳಂತೆ. ಅವಳಿಗೆ ಆ ದಿನ ಕೆಲಸವಿರಲಿಲ್ಲ.

ಮಹಾನಂದಾ ಬೆರಳಚ್ಚಿನ ಹಾಳೆ ಹರಡಿದಳು. ಅದನ್ನು ಸರಿಪಡಿಸುವಾಗ ಮೇಜಿನಂಚಿನಿಂದ ಪೆನ್ನು ಉರುಳಿತು. ಅದು ನೆಲ ಮುಟ್ಟುವ ಮೊದಲೇ ಬಾಲರಾಜನ ಎಡಗೈ ಟವೆಲ್ಲಿನಿಂದ ಹೊರಬಂದು ಹಿಡಿದುಬಿಟ್ಟಿತು. ಕಳ್ಳಮಾಲಿನ ಸಮೇತ ಸಿಕ್ಕಿಬಿದ್ದವನ ಹಾಗೆ ಬೆಚ್ಚಿ ಅವನು ಪೆನ್ನನ್ನು ಬಲಗೈಗೆ ದಾಟಿಸಿದ.

ಬಲಗೈಯ ಐದೂ ಬೆರಳು ಸ್ಪಷ್ಟವಾಗಿ ಮೂಡಿದವು. ಎಡಗೈಯಲ್ಲಿ ಹೆಬ್ಬೆರಳು ಮಾತ್ರ ಬಂತು. ಉಳಿದ ನಾಲ್ಕು ಚೌಕಗಳಲ್ಲಿ ಬರೀ ಮಸಿಯ ಕಲೆ, ಒಂದು ಗೆರೆಯೂ ಇಲ್ಲ. ಮಹಾನಂದಾ ಬಟ್ಟೆಯಿಂದ ಒರೆಸಿ ಇನ್ನೊಮ್ಮೆ ಒತ್ತಿಸಿದಳು. ಮತ್ತೆ ಕಲೆಯೇ. ಆ ಬೆರಳ ತುದಿಗಳು ಹೊಳೆಯ ಕಲ್ಲಿನಂತೆ ನುಣುಪಾಗಿದ್ದವು.

"ಯಾವಾಗ ಆತು?"

"ಆರು ವರ್ಷ ಇತ್ರಿ ನನಗ."

"ಯಾರು?"

ಬಾಲರಾಜ ಕಿಟಕಿಯಾಚೆ, ಮೆಟ್ಟಿಲ ಮೇಲೆ ಬಗ್ಗಿ ಕೂತ ಕಂಬಳಿಯ ಬೆನ್ನನ್ನು ನೋಡಿದ.

"ಆವಾಗಿಂದ ಬಲಗೈಲೆ ಉಂಡೀನ್ರಿ. ಮಂದಿ ನಗೋದು ಬಿಟ್ಟರು. ಅಕಿಗೂ ಚಲೋ ಆಗಲಿ ಅಂತ ಮಾಡಿದೆ."

ಮಹಾನಂದಾ ಅವನ ಕೈಗೆ ಸೋಪು ಕೊಟ್ಟು ನೀರಿನ ತೊಟ್ಟಿ ತೋರಿಸಿದಳು. ಆಮೇಲೆ ಕೂತು, ಬೆರಳಚ್ಚು ಮೂಡದಿದ್ದರೆ ಕಾರಣ ಬರೆಯುವ ಜಾಗದಲ್ಲಿ ಬರೆದಳು:

"ಹಳೆಯ ಸುಟ್ಟ ಗಾಯ. ಆಗ ಯಾರೂ ದೂರು ಕೊಟ್ಟಿಲ್ಲ."