ಬೂದು ಗುಂಡಿಗಳ ಗಿರಾಕಿ

ಅವನು ಒಳಗೆ ಕಾಲಿಟ್ಟ ರೀತಿಯಲ್ಲೇ ಪರೀಕ್ಷಕಿಗೆ ಗೊತ್ತಾಗಿಹೋಯಿತು, ಇದು ಚಿಕ್ಕಮ್ಮನ ಕೈವಾಡ ಎಂದು.

ಇಸ್ತ್ರಿ ಮಾಡಿದ ಅಂಗಿ. ಒಪ್ಪವಾಗಿ ಬಾಚಿದ ತಲೆ. ಬಾಗಿಲಲ್ಲೇ ನಿಂತು, "ನಿಮ್ಮ ಚಿಕ್ಕಮ್ಮ ಕಳಿಸಿದ್ರು" ಎಂಬ ಮಾತು. ಗಂಡು ಎಂಬ ಮಾಲು ಬರುವುದೇ ಹೀಗೆ. ಮೇಲಿನ ಪ್ಯಾಕಿಂಗ್ ಚೆನ್ನ, ಒಳಗಿನದು ತೆಗೆದ ಮೇಲೆ ಗೊತ್ತಾಗುವುದು.

ಪರೀಕ್ಷಕಿ ಎಂಬುದು ಅವಳ ಕೆಲಸ, ಆಫೀಸಿನವರು ಇಟ್ಟ ಅಡ್ಡಹೆಸರು ಕೂಡ. ಒಂದು ಕಂಪ್ಯೂಟರ್ ಮಾಸಪತ್ರಿಕೆಗಾಗಿ ಅವಳು ಯಂತ್ರಗಳನ್ನು ಪರೀಕ್ಷಿಸಿ ಬರೆಯುತ್ತಿದ್ದಳು. ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಕೂತ ಅಂಗೈಯಗಲದ ಮಿನಿ ಪಿಸಿಗಳು, ಒಂದು ಶಾಖಮಾಪಕ, ಒಂದು ಶಬ್ದಮಾಪಕ, ಎಲ್ಲದರ ಮೇಲೂ ಸಮನಾಗಿ ಹರಡಿದ ಅವಳ ತಿರಸ್ಕಾರ. ಓದುಗರು ಪತ್ರಿಕೆ ಕೊಳ್ಳುವುದೇ ನಿನ್ನ ಬೈಗುಳಕ್ಕಾಗಿ ಎನ್ನುತ್ತಿದ್ದ ಸಂಪಾದಕ. ಅವಳಿಗೆ ಸಂಪಾದಕನ ಮೇಲೂ ಗೌರವವಿರಲಿಲ್ಲ, ಓದುಗರ ಮೇಲಂತೂ ಇಲ್ಲವೇ ಇಲ್ಲ. ತನ್ನಲ್ಲಿ ಅವಳು ಗೌರವಿಸುತ್ತಿದ್ದದ್ದೂ ಒಂದನ್ನೇ. ಯಾವ ಪೆಟ್ಟಿಗೆಯ ಬಗ್ಗೆಯೂ ಈವರೆಗೆ ಯಾರಿಗೂ ಸುಳ್ಳು ಹೇಳಿರಲಿಲ್ಲ. ಕಂಪನಿಗಳ ಉಡುಗೊರೆಗೆ ಬಗ್ಗಿರಲಿಲ್ಲ, ಗೆಳತಿಯರ ಶಿಫಾರಸಿಗೆ ಕರಗಿರಲಿಲ್ಲ.

"ನೋಡಿ," ಎಂದಳು, ತಲೆ ಎತ್ತದೆ. "ನೀವು ಕೂತ್ಕೊಳೋ ಮುಂಚೆನೇ ಹೇಳಿಬಿಡ್ತೀನಿ. ನನಗೆ ಮದುವೆ ಆಗೋ ಯೋಚನೆ ಇಲ್ಲ. ನಿಮ್ಮ ತಪ್ಪೇನಿಲ್ಲ. ಬೇಜಾರು ಮಾಡ್ಕೋಬೇಡಿ."

ಅವನು ಕುರ್ಚಿ ಎಳೆದುಕೊಂಡು ಕೂತ.

"ಇಲ್ಲ, ಬೇಜಾರೇನಿಲ್ಲ," ಎಂದ. "ಫ್ಯಾನ್ ಇಲ್ಲದ್ದು ಯಾವುದಾದ್ರೂ ಇದೆಯಾ? ಚಿಕ್ಕದು. ಮಾನಿಟರ್ ಹಿಂದೆ ಕೂರೋಂಥದ್ದು."

ಅವಳ ಪುಣ್ಯಕ್ಕೆ ಶಾಖಮಾಪಕ ಆಫ್ ಆಗಿತ್ತು.

ಮನೆಗೆ ಬಂದವಳೇ ಚಿಕ್ಕಮ್ಮನನ್ನು ತರಾಟೆಗೆ ತೆಗೆದುಕೊಂಡಳು. ಹೊಸ ಹಲ್ಲು ಕಟ್ಟಿಸಿಕೊಂಡ ಮೇಲೆ ಚಿಕ್ಕಮ್ಮನ ಮಾತಿಗೆ ತಡೆಯೇ ಇರಲಿಲ್ಲ. ಆ ಹಲ್ಲುಗಳನ್ನು ಮಾಡಿದವನೇ ಇವತ್ತು ಆಫೀಸಿಗೆ ಬಂದಿದ್ದ ಗಿರಾಕಿ.

"ಗಂಡಾ? ನಿನಗಾ?" ಚಿಕ್ಕಮ್ಮ ಬಾಯಿ ತುಂಬ ನಕ್ಕಳು. "ಅಮ್ಮಾ ತಾಯಿ, ಆ ಕೆಲಸಕ್ಕೆ ನಾನು ಕೈಮುಗಿದು ಯಾವ ಕಾಲ ಆಯ್ತು! ಬಂದವರಿಗೆಲ್ಲ ಸ್ಕ್ರೂ ಸಡಿಲ ಅಂತ ಹೇಳಿ ಕಳಿಸ್ತೀಯ. ಪಾಪ, ಅವನು ಕಂಪ್ಯೂಟರ್ ಬೇಕು ಅಂದ. ನಮ್ಮ ಅಕ್ಕನ ಮಗಳು ಕಂಪ್ಯೂಟರ್‌ಗಳನ್ನ ಬೈಯೋ ಕೆಲಸದಲ್ಲಿದಾಳೆ, ಹೋಗಿ ಕೇಳು ಅಂದೆ. ಯಾಕೆ, ಏನಾದ್ರೂ ಅಂದುಬಿಟ್ಯಾ ಅವನಿಗೆ?"

"ಇಲ್ಲ."

ಚಿಕ್ಕಮ್ಮನಿಗೆ ಹೇಳುವ ಸುಳ್ಳು ಲೆಕ್ಕಕ್ಕೆ ಬರುವುದಿಲ್ಲ.

ಆದರೆ ರಾತ್ರಿ ಊಟಕ್ಕೆ ಕೂತಾಗಲೂ ಅದೇ ಯೋಚನೆ. ಬಂದ ಗಂಡನ್ನು ದೂರ ತಳ್ಳಲು ಕೈ ಎತ್ತಿದರೆ ಎದುರಿಗೆ ಗಂಡೇ ಇರಲಿಲ್ಲ! ಒಬ್ಬ ಗಂಡಸು ಅವಳೆದುರು ಅಷ್ಟು ಹೊತ್ತು ಕೂತು, ಪೆಟ್ಟಿಗೆಯನ್ನು ಮಾತ್ರ ವಿಚಾರಿಸಿ, ಥ್ಯಾಂಕ್ಸ್ ಹೇಳಿ ಎದ್ದುಹೋಗುವುದೆಂದರೇನು?

ಮುಂದಿನ ಶನಿವಾರ ಅವನು ಮತ್ತೆ ಬಂದ. ಈ ಸಲ ಅಂಗಿಗೆ ಇಸ್ತ್ರಿಯೂ ಇರಲಿಲ್ಲ. ಅದನ್ನು ಅವಳು ಗಮನಿಸಿದಳು, ಗಮನಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

"ಇದನ್ನ ಓಡಿಸ್ಬೇಕು," ಎಂದು ಜೇಬಿನಿಂದ ಪೆನ್‌ಡ್ರೈವ್ ತೆಗೆದ.

ಅವಳು ಮೇಜಿನ ಒಂದು ಯಂತ್ರಕ್ಕೆ ಸಿಕ್ಕಿಸಿ, ಯಂತ್ರವನ್ನು ಅದರಿಂದಲೇ ಶುರು ಮಾಡಿದಳು. ಡಣ್ ಎಂದು ಸ್ವಾಗತದ ಸದ್ದಾಗಿ ಪರದೆ ತೆರೆದುಕೊಂಡಿತು. ಬೂದು ಬಣ್ಣದ ಕಿಟಕಿಗಳು, ಉಬ್ಬಿದ ಅಂಚಿನ ಗುಂಡಿಗಳು, ಕಾಯುವಾಗ ತಿರುಗುವ ಮರಳುಗಡಿಯಾರ. ಅವಳು ಶಾಲೆಯಲ್ಲಿದ್ದಾಗಿನ ಕಂಪ್ಯೂಟರ್ ಗೋರಿಯಿಂದ ಎದ್ದು ಬಂದಂತಿತ್ತು.

"ಲಿನಕ್ಸ್," ಎಂದು ಅವನು ಆ ಆಪರೇಟಿಂಗ್ ಸಿಸ್ಟಮ್ಮಿನ ಹೆಸರನ್ನು ಹೆಮ್ಮೆಯಿಂದ ಹೇಳಿದ. "ಒಳಗೆಲ್ಲ ಹೊಸದು. ಮುಖ ಮಾತ್ರ ಹಳೇದು."

"ಮುದುಕಿಯರು ಹುಡುಗಿ ಥರ ಮೇಕಪ್ ಮಾಡ್ಕೊಳೋದು ನೋಡಿದೀನಿ. ಹುಡುಗಿ ಕೂತು ಸುಕ್ಕು ಬರ್ಕೊಳೋದು ಇದೇ ಮೊದಲು."

ಅವನಿಗೆ ಕೋಪ ಬರಬೇಕಿತ್ತು. ನಗು ಬಂತು.

"ನಾನು ಹಲ್ಲು ಮಾಡೋನು. ಉಬ್ಬು, ತಗ್ಗು, ಅಂಚು, ಇಷ್ಟೇ ನನ್ನ ಪ್ರಪಂಚ. ಈಗಿನ ಸ್ಕ್ರೀನ್ ನೋಡಿ, ಎಲ್ಲಾ ಚಪ್ಪಟೆ. ಯಾವುದು ಗುಂಡಿ ಯಾವುದು ಗೋಡೆ ಆ ದೇವರಿಗೇ ಗೊತ್ತು. ಇದು ಒತ್ತಿದ್ರೆ ಒಳಗೆ ಹೋಗುತ್ತೆ, ಬಿಟ್ರೆ ಮೇಲೆ ಬರುತ್ತೆ. ಮಾನ ಮರ್ಯಾದೆ ಇರೋ ಗುಂಡಿ."

"ಹಿಂದೆ ಎಲ್ಲಾ ಚೆನ್ನಾಗಿತ್ತು ಅನ್ನೋ ಗಿರಾಕಿಗಳನ್ನ ಕಂಡ್ರೆ ನನಗಾಗಲ್ಲ."

"ಚೆನ್ನಾಗಿತ್ತು ಅಂತ ಯಾರಂದ್ರು? ಮಾತೆತ್ತಿದ್ರೆ ಕೈಕೊಡ್ತಿತ್ತು. ಅದಕ್ಕೇ ಮುಖ ಇಟ್ಕೊಂಡು ಗುಣ ಬಿಟ್ಟಿದೀನಿ."

ಅಂದಿನಿಂದ ಶನಿವಾರಗಳು ಅವನದಾದವು. ಒಂದೊಂದೇ ಪೆಟ್ಟಿಗೆಯನ್ನು ಎತ್ತಿ, ಕಿವಿಗೆ ಹಿಡಿದು, ಬೆನ್ನು ಸವರಿ ನೋಡಿದರು. ಒಂದರ ಫ್ಯಾನ್ ನೆಗಡಿಯಾದ ಗುಮಾಸ್ತನಂತೆ ಮೂಗೆಳೆಯುತ್ತಿತ್ತು. ಇನ್ನೊಂದರ ಮೈಮೇಲೆಲ್ಲ ಬಣ್ಣದ ದೀಪ.

"ಇದು ಕಂಪ್ಯೂಟರಲ್ಲ, ಸೋಡಾ ಅಂಗಡಿ," ಎಂದಳು ಅವಳು.

"ಸೋಡಾ ಅಂಗಡೀಲಿ ಸೋಡಾನಾದ್ರೂ ಸಿಗುತ್ತೆ," ಎಂದ ಅವನು.

ಅವಳು ತಟ್ಟನೆ ತಿರುಗಿ ನೋಡಿದಳು. ಬೈಗುಳ ಕೇಳಿ ಹಲ್ಲು ಕಿರಿಯುವವರನ್ನು ಬೇಕಾದಷ್ಟು ಕಂಡಿದ್ದಳು. ಮುಂದಿನ ಸಾಲು ಜೋಡಿಸುವವನನ್ನು ಕಂಡಿರಲಿಲ್ಲ.

ಅವನ ನೋಟ ಅವಳ ತುಟಿಯ ಮೇಲಿತ್ತು.

"ಏನು ನೋಡ್ತಿದೀರಿ?"

"ಮೇಲಿನ ಎಡಗಡೆ ಕೋರೆಹಲ್ಲು. ಸ್ವಲ್ಪ ತಿರುಗಿದೆ."

"ಓಹೋ. ಸರಿ ಮಾಡಿಸ್ಬೇಕಾ?"

"ಅಯ್ಯೋ, ಯಾರ ಕೈಗೂ ಕೊಡಬೇಡಿ," ಎಂದ, ಗಾಬರಿಯಿಂದಲೇ. "ನೀವು ಬೈಯೋವಾಗ ಅದೊಂದು ಮುಂದೆ ಬಂದು ನಿಲ್ಲುತ್ತೆ. ನೋಡೋಕೆ ಅಂತಲೇ ನಾನು..." ಮಾತು ಅಲ್ಲಿಗೇ ನಿಲ್ಲಿಸಿ, ಸೋಡಾ ಅಂಗಡಿಯನ್ನು ಬಹಳ ಆಸಕ್ತಿಯಿಂದ ತಿರುಗಿಸಿ ನೋಡತೊಡಗಿದ.

ಕೊನೆಗೆ ಎರಡು ಉಳಿದವು. ಎರಡಕ್ಕೂ ಫ್ಯಾನ್ ಇಲ್ಲ. ಒಂದು ಕಪ್ಪು, ಸೋಪಿನ ಡಬ್ಬಿಯಷ್ಟು ನೀರಸ, ಅವನ ಲಿನಕ್ಸಿಗೆ ಹೇಳಿ ಮಾಡಿಸಿದಂಥದ್ದು. ಇನ್ನೊಂದು ಬೆಳ್ಳಿ ಬಣ್ಣದ ಬೆಡಗಿ. ಅದರ ವೈಫೈ ಚಿಪ್ ಎಷ್ಟು ಹೊಸದೆಂದರೆ ಅವನ ಲಿನಕ್ಸಿಗೆ ಅದರ ಗುರುತೇ ಹತ್ತುವುದಿಲ್ಲ. ಪರೀಕ್ಷಕಿಗೆ ಇದು ಚೆನ್ನಾಗಿ ಗೊತ್ತು.

ಪಕ್ಕದ ಕೋಣೆಗೆ ಸಂಪಾದಕ ಕರೆದ. ಅವನು ಏನು ಹೇಳಿದನೋ ಅವಳ ಕಿವಿಗೆ ಬೀಳಲಿಲ್ಲ. ಕಪ್ಪು ಡಬ್ಬಿ ಕೊಂಡರೆ ಅದು ಕೆಟ್ಟುಹೋಗುವುದಿಲ್ಲ. ಕೆಟ್ಟುಹೋಗದಿದ್ದರೆ ಅವನು ಬರುವುದಿಲ್ಲ. ಇನ್ನು ಶನಿವಾರವೆಂದರೆ ಬರೀ ಶನಿವಾರ.

ವಾಪಸು ಬಂದು, "ಬೆಳ್ಳಿದು ತಗೊಳಿ," ಎಂದಳು.

"ಇದಾ? ಖಂಡಿತಾನಾ?"

"ಖಂಡಿತ."

ಅವನು ಅವಳನ್ನು ನೋಡಿದ. ಈ ಸಲ ಹಲ್ಲನ್ನಲ್ಲ, ಕಣ್ಣನ್ನು. "ಸರಿ," ಎಂದು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು, ಅಂಗಡಿಯಲ್ಲಿ ಅದನ್ನೇ ಕೊಳ್ಳಲು ಹೋದ.

ದಾರಿಯಲ್ಲಿ ಕರ್ಚೀಫು ಬೀಳಿಸುವ ಹುಡುಗಿಯರನ್ನು ಕಂಡು ಮೂಗು ಮುರಿದವಳು ಅವಳು. ಈಗ ಅವಳೇ ಬೀಳಿಸಿದ್ದು ತನ್ನ ಮರ್ಯಾದೆಯನ್ನು, ಅದೂ ಒಂದು ವೈಫೈ ಚಿಪ್ಪಿನ ನೆಪದಲ್ಲಿ. ಅವನು ಫೋನ್ ಮಾಡುತ್ತಾನೆ, ವೈಫೈ ಬರುತ್ತಿಲ್ಲ ಎನ್ನುತ್ತಾನೆ, ತಾನು ಹೋಗಿ ಸರಿಮಾಡುವುದು ಎಂಬ ಏರ್ಪಾಡು. ಯಾರಾದರೂ ಓದುಗ ಇಂಥ ಕಥೆ ಬರೆದು ಕಳಿಸಿದ್ದರೆ ಬುಟ್ಟಿಗೆ ಎಸೆಯುತ್ತಿದ್ದಳು.

ಫೋನ್ ಬರಲಿಲ್ಲ. ಆ ವಾರವೂ ಇಲ್ಲ, ಮರುವಾರವೂ ಇಲ್ಲ.

"ಯಾರ ಫೋನ್ ಕಾಯ್ತಿದೀಯ?" ಎಂದಳು ಚಿಕ್ಕಮ್ಮ.

"ಯಾರದ್ದೂ ಇಲ್ಲ."

"ಮತ್ತೆ ಅದನ್ನ ಬಚ್ಚಲಮನೆಗೂ ಯಾಕೆ ಎತ್ಕೊಂಡು ಹೋಗ್ತೀಯ?"

ಆ ತಿಂಗಳ ಲೇಖನ ಬರೆಯಲು ಕೂತರೆ ಕೈ ಓಡಲಿಲ್ಲ. ಇನ್ನೊಬ್ಬರ ಯಂತ್ರವನ್ನು ಬೈಯುವ ಹಕ್ಕು ತನಗೆಲ್ಲಿ ಉಳಿದಿದೆ? ಫೋನಿಗಾಗಿ ಕಾಯುವುದನ್ನು ಬಿಟ್ಟಳು. ಇದ್ದದ್ದನ್ನು ಇದ್ದಹಾಗೆ ಹೇಳಿಬಿಡುವುದು, ಅವನು ಮುಖ ತಿರುಗಿಸಿದರೆ ತಿರುಗಿಸಲಿ, ಎಂದು ಒಂದು ಸಂಜೆ ಅವನ ಲ್ಯಾಬಿನ ಮೆಟ್ಟಿಲು ಹತ್ತಿದಳು. ಮೆಟ್ಟಿಲುದ್ದಕ್ಕೂ ಒಂದು ನೀಲಿ ಕೇಬಲ್ಲು ಜೊತೆಗೇ ಹತ್ತಿ ಬರುತ್ತಿತ್ತು.

ಲ್ಯಾಬಿನ ತುಂಬ ಅಚ್ಚುಗಳು, ಬಾಯಿಲ್ಲದ ಹಲ್ಲುಗಳು, ಎಲ್ಲೆಲ್ಲೂ ಪ್ಲಾಸ್ಟರಿನ ಬಿಳಿ ಪುಡಿ. ಮೂಲೆಯಲ್ಲಿ ಬೂದು ಕಿಟಕಿಗಳು ಬೆಳಗುತ್ತಿದ್ದವು. ಇಂಟರ್ನೆಟ್ ಹೊತ್ತ ಆ ನೀಲಿ ಕೇಬಲ್ಲು ಬಂದು ಸೇರಿದ್ದು ಬೆಳ್ಳಿ ಪೆಟ್ಟಿಗೆಗೆ.

"ಅದರಲ್ಲಿ ವೈಫೈ ಬರಲ್ಲ," ಎಂದಳು ಬಾಗಿಲಲ್ಲೇ ನಿಂತು. "ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ."

"ನನಗೂ ಗೊತ್ತಿತ್ತು."

"ಏನು?"

"ನೀವು ಒಳಗೆ ಹೋದಾಗ ಎರಡಕ್ಕೂ ಪೆನ್‌ಡ್ರೈವ್ ಹಾಕಿ ನೋಡ್ದೆ. ಕೂರಿಸಿ ನೋಡದೇನೆ ನಾನು ಯಾವ ಹಲ್ಲನ್ನೂ ಕಳಿಸಲ್ಲ. ಕೊಳ್ಳದೇನೇ ಓಡಿಸಿ ನೋಡಬಹುದು ಅನ್ನೋದನ್ನ ನೀವು ಹೇಗೆ ಮರೆತ್ರಿ? ನೀವು?"

ಅವಳು ಮರೆತಿದ್ದಳು. ಈ ಕಸುಬಿಗೆ ನಿನ್ನೆ ಬಂದವನೂ ಮರೆಯದ್ದನ್ನು ಮರೆತಿದ್ದಳು. ಮುಖ ಎಲ್ಲಿ ಇಟ್ಟುಕೊಳ್ಳುವುದೋ ತಿಳಿಯಲಿಲ್ಲ.

"ಗೊತ್ತಿದ್ದೂ ಕೊಂಡ್ರಾ? ನಿಮ್ಮಷ್ಟು ಪೆದ್ದನನ್ನ ನಾನು ನೋಡಿಲ್ಲ."

"ಸುಳ್ಳೇ ಹೇಳದವರು ಯಾಕೆ ಸುಳ್ಳು ಹೇಳಿದ್ರು ಅಂತ ಯೋಚನೆ ಮಾಡ್ದೆ. ಕಂಪನಿಯವರು ಕೈಬಿಸಿ ಮಾಡಿರಬೇಕು. ಇಲ್ಲಾ..." ಅವನು ಕೈಯಲ್ಲಿದ್ದ ದವಡೆಯನ್ನು ಮೆಲ್ಲಗೆ ಕೆಳಗಿಟ್ಟ. "ಇಲ್ಲಾ ಇನ್ನೊಂದು ಕಾರಣ."

"ಫೋನ್ ಮಾಡಿ ಕೇಳಬಹುದಿತ್ತಲ್ಲ?"

"ಫೋನಲ್ಲಿ ಕೇಳಿದ್ರೆ ನೀವು ಇನ್ನೊಂದು ಸುಳ್ಳು ಹೇಳ್ತಿದ್ರಿ. ದುಡ್ಡು ತಗೊಂಡವರು ಮೆಟ್ಟಿಲು ಹತ್ತಿ ಬರಲ್ಲ. ಅದಕ್ಕೇ ಕಾದೆ." ಅಚ್ಚುಗಳ ಕಡೆ ಕೈ ತೋರಿಸಿ, "ಬಹಳ ಕೆಟ್ಟದಾಗಿ ಕಾದೆ. ಒಂದು ಇಡೀ ಬಾಯಿಗೆ ಬೇರೆಯವರ ಹಲ್ಲು ಕೂರಿಸಿಬಿಟ್ಟೆ," ಎಂದ.

"ದುಡ್ಡು ತಗೊಂಡಿಲ್ಲ," ಎಂದಳು. "ನೀವು ಮತ್ತೆ ಬರಲಿ ಅಂತ ಹೇಳಿದೆ. ಸಾಕಾ? ಇನ್ನೂ ಬಿಡಿಸಿ ಹೇಳಬೇಕಾ?"

"ಸಾಕು," ಎಂದ. ಅವನ ಕಿವಿಯೂ ಕೆಂಪಾಗಿತ್ತು. "ನಾನು ಬರ್ತಿದ್ದದ್ದೂ ಪೆಟ್ಟಿಗೆಗಲ್ಲ. ಮೊದಲನೇ ದಿನ ಬಿಟ್ಟು."

"ಮೊದಲನೇ ದಿನ ಬಿಟ್ಟು!" ಎಂದು ಅಣಕಿಸಿದಳು. "ಇಷ್ಟು ಹೊತ್ತು ನಿಲ್ಲಿಸಿ ಮಾತಾಡಿಸ್ತಿದೀರಲ್ಲ, ಒಂದು ಕುರ್ಚಿ ಕೊಡಬೇಕು ಅನ್ನೋ ಬುದ್ಧಿ ಬೇಡ್ವಾ?"

ಇದ್ದದ್ದು ಒಂದೇ ಸ್ಟೂಲು. ಅವನು ತೋಳಿನಿಂದ ಒರೆಸಿದ. ತೋಳಿನಲ್ಲಿದ್ದ ಪುಡಿಯೂ ಸ್ಟೂಲಿಗೇ ಹತ್ತಿತು. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು, ಅದರ ಮೇಲೇ ಕೂತಳು.

ದೀಪ ಹತ್ತುವ ಹೊತ್ತಿಗೆ ಇಬ್ಬರೂ ಬೀದಿಗೆ ಇಳಿದರು. ಅವಳ ಕಪ್ಪು ಬಟ್ಟೆಯ ಹಿಂಭಾಗದಲ್ಲಿ ಸ್ಟೂಲಿನ ಪೂರ್ತಿ ಚಂದ್ರ ಮೂಡಿತ್ತು. ಹೆಗಲ ಮೇಲೆ ಒಂದು ಕೈಯ ಐದು ಬೆರಳು, ಬೆಳ್ಳಗೆ.

"ಒಂದು ನಿಮಿಷ, ಕೊಡವಿಕೊಳ್ಳಿ," ಎಂದ ಅವನು ಕಂಗಾಲಾಗಿ. "ಎಲ್ಲಾ ನೋಡ್ತಿದಾರೆ. ನಿಮ್ಮ ಚಿಕ್ಕಮ್ಮ ಏನಂದುಕೊಳ್ತಾರೆ?"

ಬೀದಿಯ ಜನರನ್ನು ಅವಳು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅವರಿಗಾಗಿ ಕೊಡವಿಕೊಳ್ಳುವಷ್ಟು ಯೋಗ್ಯತೆ ಒಬ್ಬರಲ್ಲೂ ಅವಳಿಗೆ ಕಾಣಲಿಲ್ಲ.

"ನೋಡಲಿ," ಎಂದು ಅವನ ಕೈ ಹಿಡಿದು ಮನೆಯ ಕಡೆ ನಡೆದಳು.